ಬಾಗಿಲ ಕೆಳಗಿನ ಬೆಳಕು: ಒಂದು ಆನ್‌ಲೈನ್ ಖಾತೆ ಕಳವಿನ ಪ್ರಕರಣ ಅಧ್ಯಯನ

ನವೆಂಬರ್ ಮೊದಲ ವಾರದಿಂದ, ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಏಳುವ ಹೊತ್ತಿಗೆ ಮಗಳ ಕೋಣೆಯ ಬಾಗಿಲ ಕೆಳಗೆ ಬೆಳಕು ಕಾಣತೊಡಗಿತು. ಅವರು ಸಿಟಿ ಬಸ್ ಕಂಡಕ್ಟರ್. ಮೊದಲ ಶಿಫ್ಟ್ ಇದ್ದ ದಿನ ಐದಕ್ಕೆಲ್ಲ ಡಿಪೊದಲ್ಲಿರಬೇಕು. ‘ಬೆಳಗ್ಗೆ ಎದ್ದು ಓದ್ತಿದಾಳೆ ಪಾಪ’ ಅಂದುಕೊಂಡು, ಬಕೆಟ್ಟಿನ ಸದ್ದೂ ಆಗದ ಹಾಗೆ ಸ್ನಾನ ಮುಗಿಸಿ ಹೊರಡುತ್ತಿದ್ದರು. ಮಗಳು ಓದಲು ಎದ್ದವಳಲ್ಲ. ಬೆಂಗಳೂರಿನ ಬಸವನಗುಡಿಯನ್ನು ಅಮೆರಿಕದ ಒಬ್ಬ ಹುಡುಗಿಯ ಜೊತೆ ಸೇರಿ ಕಟ್ಟುತ್ತಿದ್ದಳು.

ಇದು ಒಂದೇ ಮನೆಯ ಕಥೆಯಲ್ಲ. ಒಂದೇ ಬಗೆಯ ಪ್ರಕರಣಗಳ ಎಳೆಗಳನ್ನು ಒಂದು ಕುಟುಂಬದ ಸುತ್ತ ನೇಯ್ದು, ಮೊತ್ತ ಮತ್ತು ದಿನಗಳನ್ನು ವಿವರಣೆಗಾಗಿ ಇಟ್ಟಿದ್ದೇವೆ. ತಂತ್ರ, ಬ್ಯಾಂಕು, ಕಾನೂನಿನ ಸಂಗತಿಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ.

ಮಾಗಡಿ ರಸ್ತೆಯ ಆಸುಪಾಸಿನ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಅಮ್ಮನ ಬ್ಲೌಸ್ ಹೊಲಿಯುವ ಅಂಗಡಿ, ಒಳಗೆ ಅಜ್ಜಿ. ಮಗಳಿಗೆ 16 ವರ್ಷ, ಮೊದಲ ಪಿಯುಸಿ, ಕಾಮರ್ಸ್. ಪಿಯುಸಿ ಸೇರಿದಾಗ ಕೊಡಿಸಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದಿದೆ. 11ನೇ ವಯಸ್ಸಿನಿಂದ ಅವಳು ರೋಬ್ಲಾಕ್ಸ್‌ನಲ್ಲಿದ್ದಾಳೆ. 2006ರಲ್ಲಿ ಬಳಕೆಗೆ ಬಂದ ಈ ತಾಣವನ್ನು ಮನೆಯವರು ‘ಒಂದು ಗೇಮ್’ ಎಂದು ತಿಳಿದಿದ್ದರು. ನಿಜದಲ್ಲಿ ಅದು ಬಳಕೆದಾರರೇ ಆಟಗಳನ್ನು, ಊರುಗಳನ್ನು ಕಟ್ಟಿ ಇತರರನ್ನು ಒಳಗೆ ಕರೆಯುವ ಜಾಗ. ಕಟ್ಟಲು ಸ್ಟುಡಿಯೊ ಎಂಬ ತಂತ್ರಾಂಶ ಬೇರೆಯೇ ಇದೆ, ಅದರ ಕೋಡ್ ಭಾಷೆ ಲುವಾವ್. ಒಳಗಿನ ನಾಣ್ಯ ರೋಬಕ್ಸ್, ಅದನ್ನು ನಿಜವಾದ ರೂಪಾಯಿ ಕೊಟ್ಟು ಕೊಳ್ಳಬಹುದು. ‘ಲಿಮಿಟೆಡ್’ ಎಂದು ಕರೆಯುವ ಟೋಪಿ, ರೆಕ್ಕೆ, ಮುಖಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ.

ಈ ಹುಡುಗಿ ಕಟ್ಟುತ್ತಿದ್ದದ್ದು ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆ, ಎರಡೂ ಬದಿ ಕಡಲೆಕಾಯಿ ರಾಶಿ, ಅಳೆಯುವ ಸೇರು, ಮೇಲೆ ಎಳೆದ ಸೀರಿಯಲ್ ದೀಪ. ಓಹಾಯೊ ರಾಜ್ಯದ ಗೆಳತಿ ಬೆಳಕಿನ ಕೆಲಸದಲ್ಲಿ ಗಟ್ಟಿಗಳು, ಇವಳು ಅಂಗಡಿಗಳಲ್ಲಿ. ಹದಿನಾಲ್ಕು ತಿಂಗಳ ಸ್ನೇಹ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಪರಿಷೆ ನಡೆಯುವ ದಿನವೇ ಇದನ್ನೂ ತೆರೆಯಬೇಕೆಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದರು.

ಆ ಬೆಳಕು ನವೆಂಬರ್‌ನಲ್ಲೇ ಏಕೆ ಕಂಡಿತು? ಓಹಾಯೊದ ಹುಡುಗಿ ಶಾಲೆ ಬಿಟ್ಟು ಬಂದು ಕಂಪ್ಯೂಟರ್ ಮುಂದೆ ಕೂರುವುದು ಸಂಜೆ ನಾಲ್ಕಕ್ಕೆ. ಬೇಸಿಗೆಯ ಗಡಿಯಾರದಲ್ಲಿ ಅದು ನಮ್ಮ ರಾತ್ರಿ 1:30. ಇವಳು ಒಂಬತ್ತೂವರೆಗೆ ಮಲಗಿ, ಒಂದೂಕಾಲಿಗೆ ದಿಂಬಿನ ಕೆಳಗಿನ ಅಲಾರಂಗೆ ಎದ್ದು, ಮೂರೂಕಾಲಿಗೆ ಮತ್ತೆ ಮಲಗುತ್ತಿದ್ದಳು. ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿನ ನಾಲ್ಕು ಗಂಟೆ ನಮ್ಮ 2:30ಕ್ಕೆ ಜಾರಿತು, ಇವಳು ಎರಡನೇ ಸಲ ಮಲಗುವುದು ನಾಲ್ಕೂಕಾಲಾಯಿತು. ಅದೇ ವಾರದಿಂದ ಕಾಲೇಜಿನ ಮೊದಲ ಪೀರಿಯಡ್ ತಪ್ಪತೊಡಗಿ, ಹಾಜರಾತಿ ಪರೀಕ್ಷೆಗೆ ಬೇಕಾದ ಶೇಕಡ 75ರ ಕೆಳಗಿಳಿಯಿತು. ‘ಚಟ ಜಾಸ್ತಿಯಾಗಿದೆ’ ಎಂದು ಆಮೇಲೆ ಎಲ್ಲರೂ ಹೇಳಿದರು. ಆದರೆ ಅವಳು ಆಟಕ್ಕೆ ಕೊಡುತ್ತಿದ್ದ ಹೊತ್ತು ಒಂದು ನಿಮಿಷವೂ ಹೆಚ್ಚಿರಲಿಲ್ಲ, ಗಡಿಯಾರ ಸರಿದಿತ್ತು ಅಷ್ಟೆ. ಇಂಥ ಪ್ರಕರಣದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ಹೊತ್ತು ಆಡ್ತೀಯ’ ಅಲ್ಲ, ‘ಯಾರ ಜೊತೆ, ಅವರು ಯಾವ ದೇಶದವರು’ ಎನ್ನುವುದು.

ಖಾತೆ ಹೋದ ಬಗೆ

ನವೆಂಬರ್ ಎರಡನೇ ವಾರ, ಓಹಾಯೊ ಗೆಳತಿಯ ಖಾತೆಯಿಂದ ಸಂದೇಶ ಬಂತು: ‘ನಮ್ಮ ಮ್ಯಾಪನ್ನು ಯಾರೋ ಕದಿಯುತ್ತಿದ್ದಾರೆ, ಬ್ಯಾಕಪ್ ಮಾಡಬೇಕು, ಈ ಪುಟಕ್ಕೆ ಬಾ.’ ಪುಟದಲ್ಲಿ ಹಂತಗಳಿದ್ದವು. ರೋಬ್ಲಾಕ್ಸ್ ತೆರೆದು ಎಫ್12 ಒತ್ತು, ನೆಟ್‌ವರ್ಕ್ ಎಂಬಲ್ಲಿಗೆ ಹೋಗು, ಮೊದಲ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಆ್ಯಸ್ ಪವರ್‌ಶೆಲ್’ ಆರಿಸು, ಬಂದದ್ದನ್ನು ಇಲ್ಲಿ ಪೇಸ್ಟ್ ಮಾಡು. ಕೊನೆಗೆ ‘ದೃಢೀಕರಣಕ್ಕೆ’ ಪಾಸ್‌ವರ್ಡ್.

ಹಾಗೆ ಕಾಪಿಯಾದ ಪಠ್ಯದ ನಡುವೆ ಲಾಗಿನ್ ಕುಕಿ ಇರುತ್ತದೆ. ಕುಕಿ ಎಂದರೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ. ಟೋಕನ್ ತಂದವರಿಗೆ ಚಪ್ಪಲಿ, ಬಿಟ್ಟು ಹೋದವರು ಯಾರೆಂದು ಯಾರೂ ಕೇಳುವುದಿಲ್ಲ. ಈಗಾಗಲೇ ಲಾಗಿನ್ ಆಗಿರುವ ಗುರುತು ಅದು, ಆದ್ದರಿಂದ ಒಟಿಪಿ ಅಥವಾ ಎರಡು ಹಂತದ ಬೀಗ ಇದ್ದರೂ ಕುಕಿ ಹಿಡಿದವನು ಅದನ್ನು ದಾಟಿಕೊಂಡು ಒಳಗೆ ಬರಬಹುದು. ರೋಬ್ಲಾಕ್ಸಿನವರು ಆ ಕುಕಿಯ ಪಠ್ಯದ ಮೊದಲಲ್ಲೇ ‘ಎಚ್ಚರಿಕೆ, ಇದನ್ನು ಹಂಚಬೇಡಿ’ ಎಂದು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಸೇರಿಸಿದ್ದಾರೆ. ನೂರಾರು ಸಾಲು ಕೋಡಿನ ನಡುವೆ ಅದು ಅವಳ ಕಣ್ಣಿಗೆ ಬೀಳಲಿಲ್ಲ. ಪಾಸ್‌ವರ್ಡನ್ನೂ ತಾನೇ ಕೊಟ್ಟಿದ್ದರಿಂದ ಕಳ್ಳ ಅದನ್ನು ಬದಲಾಯಿಸಿ ತನ್ನ ಇಮೇಲ್ ಸೇರಿಸಿದ. 11ನೇ ವಯಸ್ಸಿನಲ್ಲಿ ಸುಳ್ಳು ಹುಟ್ಟಿದ ದಿನ ಹಾಕಿ, ಇಮೇಲ್ ಇಲ್ಲದೆ ತೆರೆದ ಖಾತೆ. ಇವಳದೆಂದು ಹೇಳಲು ಅದರಲ್ಲಿ ಒಂದು ಗುರುತೂ ಇರಲಿಲ್ಲ.

ಕಳ್ಳ ಮುಂದೆ ಮಾಡಿದ್ದರಿಂದ ಪ್ರಕರಣ ಪರದೆ ದಾಟಿ ಕಾಲೇಜಿನ ಕಾರಿಡಾರಿಗೆ ಬಂತು. ಆಟದೊಳಗಿನ ಅವಳ ಬೊಂಬೆ ರೂಪವಾದ ಅವತಾರವನ್ನೇ ತೊಟ್ಟುಕೊಂಡು ಅವಳ ಮೂವರು ಸಹಪಾಠಿಗಳಿಗೆ ‘ಒಂದು ದಿನಕ್ಕೆ ನಿನ್ನ ಐಟಂ ಕೊಡು, ವಾಪಸ್ ಕೊಡ್ತೀನಿ’ ಎಂದು ಕೇಳಿದ. ಒಬ್ಬಳು ಕೊಟ್ಟಳು. ಮಾರನೆಯ ದಿನ ಕ್ಲಾಸಿನಲ್ಲಿ ‘ಮೋಸಗಾತಿ’ ಎಂಬ ಮಾತು ಹರಡಿತು. ಸಂದೇಶ ‘ಹಲೋ ಫ್ರೆಂಡ್’ ಎಂದು ಶುರುವಾಗಿತ್ತು. ಈ ಹುಡುಗಿ ತನ್ನ ಗೆಳತಿಯರನ್ನು ಒಂದು ದಿನವೂ ‘ಲೇ’ ಎನ್ನದೆ ಮಾತಾಡಿಸಿದವಳಲ್ಲ. ಆ ಒಂದು ಪದದಲ್ಲೇ ಅನುಮಾನ ಹುಟ್ಟಬೇಕಿತ್ತು.

ಎರಡು ರಾತ್ರಿ, 18,500 ರೂಪಾಯಿ

ಖಾತೆ ವಾಪಸ್ ಬೇಕಾದರೆ ದುಡ್ಡು ಕೊಡು ಎಂದ ಕಳ್ಳ. ಮೊದಲ ರಾತ್ರಿ 1,500, ಆಮೇಲೆ 2,500. ಎರಡನೇ ರಾತ್ರಿ 3,000, 4,500, 7,000. ಪ್ರತಿ ಸಲವೂ ‘ಇದೇ ಕೊನೆ’. ಹಣ ಹೋದದ್ದು ಅಮ್ಮನ ಫೋನಿನ ಯುಪಿಐನಿಂದ. ಚಿಕ್ಕಪೇಟೆಯ ಲೈನಿಂಗ್ ಬಟ್ಟೆ, ದಾರದ ಅಂಗಡಿಗಳಿಗೆ ದುಡ್ಡು ಹಾಕುವ ಕೆಲಸ ಮಗಳದೇ ಆಗಿದ್ದರಿಂದ ಪಿನ್ ಅವಳಿಗೆ ಗೊತ್ತಿತ್ತು. ಅಂಗಡಿಯ ಸೌಂಡ್‌ಬಾಕ್ಸ್ ಬರುವ ಹಣವನ್ನಷ್ಟೇ ಕೂಗಿ ಹೇಳುತ್ತದೆ, ಹೋಗುವ ಹಣಕ್ಕೆ ಅದು ಮೂಕ. ಬ್ಯಾಂಕಿನ ಎಸ್‌ಎಂಎಸ್‌ಗಳನ್ನು ಮಗಳು ಅಳಿಸಿದಳು.

ಇಲ್ಲೊಂದು ಸುಳಿವಿತ್ತು. ಕೇಳುತ್ತಿದ್ದದ್ದು ಗೆಳತಿಯ ಹೆಸರಿನಲ್ಲಿ, ಕೊಟ್ಟದ್ದು ಭಾರತದ ಬ್ಯಾಂಕಿನ ಯುಪಿಐ ಐಡಿ. ಓಹಾಯೊದ ಶಾಲಾ ಹುಡುಗಿಗೆ ಇಲ್ಲಿನ ಬ್ಯಾಂಕ್ ಖಾತೆ ಎಲ್ಲಿಂದ ಬರಬೇಕು? ಗಾಬರಿಯಲ್ಲಿದ್ದ ಹುಡುಗಿಗೆ ಅದು ಹೊಳೆಯಲಿಲ್ಲ.

ಮೂರನೇ ರಾತ್ರಿ ಹಣದ ಬದಲು ಫೋಟೊ ಕೇಳಿದ. ‘ಖಾತೆ ನಿನ್ನದೇ ಅಂತ ಗೊತ್ತಾಗಬೇಕು, ಮುಖ ಕಾಣುವ ಹಾಗೆ ಕಳಿಸು.’ ಅಷ್ಟಕ್ಕೆ ಅವಳು ಲ್ಯಾಪ್‌ಟಾಪ್ ಮುಚ್ಚಿ ಅಜ್ಜಿಯ ಪಕ್ಕ ಹೋಗಿ ಮಲಗಿದಳು, ಬೆಳಗಾಗುವಷ್ಟರಲ್ಲಿ ಎಲ್ಲ ಹೇಳಿದಳು. ಅವಳು ತೆಗೆದುಕೊಂಡ ಅತಿ ಒಳ್ಳೆಯ ನಿರ್ಧಾರ ಅದು. ವಸ್ತುವಿನಿಂದ ಹಣಕ್ಕೆ, ಹಣದಿಂದ ಫೋಟೊಗೆ ಹೋಗುವುದು ಇಂಥವರ ಗೊತ್ತಾದ ದಾರಿ. ಫೋಟೊ ಹೋದ ಮೇಲೆ ಬೆದರಿಕೆಗೆ ಕೊನೆಯಿರುವುದಿಲ್ಲ. ಒಂದು ವೇಳೆ ಫೋಟೊ ಹೋಗಿದ್ದರೆ ಮಾಡಬೇಕಾದದ್ದು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮತ್ತು ಠಾಣೆಯಲ್ಲಿ ದೂರು. ಕೇಳಿದ್ದನ್ನು ಇನ್ನೊಂದು ಸಲವೂ ಕೊಡಬಾರದು.

ಮನೆಯವರು ಎಡವಿದ್ದು

ಅಪ್ಪ ಸಿಟ್ಟಿನಲ್ಲಿ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿದರು. ಭೇಟಿ ಕೊಟ್ಟ ಪುಟದ ವಿಳಾಸ, ಚಾಟ್, ಸಮಯ ಎಲ್ಲ ಹೋಯಿತು. ಸಾಕ್ಷಿಯಾಗಿ ಉಳಿದದ್ದು ಮಗಳ ಫೋನಿನಲ್ಲಿದ್ದ ನಾಲ್ಕು ಸ್ಕ್ರೀನ್‌ಶಾಟ್ ಮತ್ತು ಅಮ್ಮನ ಯುಪಿಐ ಇತಿಹಾಸ. ಎಸ್‌ಎಂಎಸ್ ಅಳಿಸಿದರೂ ಆ್ಯಪಿನೊಳಗಿನ ಇತಿಹಾಸ ಅಳಿಯದು. ಮಾಡಬೇಕಿದ್ದ ಕ್ರಮ ಇದಕ್ಕೆ ಉಲ್ಟಾ: ಮೊದಲು ಎಲ್ಲದರ ಫೋಟೊ ತೆಗೆದುಕೊಳ್ಳುವುದು, ಆಮೇಲೆ ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸುವುದು, ಫಾರ್ಮ್ಯಾಟ್ ಕಟ್ಟಕಡೆಗೆ.

ಎರಡನೆಯದು ಮರ್ಯಾದೆಯ ಲೆಕ್ಕ. ‘ಹುಡುಗಿ ವಿಷಯ, ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ’ ಎಂದು ಎರಡು ದಿನ ಕಳೆಯಿತು. ಕೊನೆಯ ಪಾವತಿಯಾಗಿ ಸುಮಾರು ಮೂರು ದಿನದ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋಯಿತು. ಈ ಸಹಾಯವಾಣಿ ಕೆಲಸ ಮಾಡುವುದು ಹಣ ಎದುರಾಳಿಯ ಖಾತೆಯಲ್ಲಿ ಇರುವಾಗಲೇ ತಡೆಹಿಡಿಯುವ ಮೂಲಕ. ಅಲ್ಲಿಂದ ಎರಡನೇ, ಮೂರನೇ ಖಾತೆಗೆ ಹಾರಿ ಎಟಿಎಂನಿಂದ ನಗದಾದ ಮೇಲೆ ತಡೆಯಲು ಉಳಿಯುವುದೇನು? ಕರೆ ಮಾಡುವಾಗ ಕೈಯಲ್ಲಿರಬೇಕಾದದ್ದು ಪ್ರತಿ ಪಾವತಿಯ 12 ಅಂಕಿಯ ಯುಪಿಐ ವಹಿವಾಟು ಸಂಖ್ಯೆ, ಮೊತ್ತ, ಸಮಯ, ಎದುರಿನ ಯುಪಿಐ ಐಡಿ, ನಿಮ್ಮ ಬ್ಯಾಂಕಿನ ಹೆಸರು. ಐದು ಪಾವತಿಗಳಲ್ಲಿ ಕೊನೆಯ 7,000 ಮಾತ್ರ ಸಿಕ್ಕಿಬಿತ್ತು.

ಬ್ಯಾಂಕಿನಿಂದ ಪೂರ್ತಿ ಹಣ ಬರುತ್ತದೆಂದು ಚಿಕ್ಕಪ್ಪ ನಂಬಿದ್ದರು. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎಂಬುದು ಅವರ ವಾದ. ಆ ರಕ್ಷಣೆ ಇರುವುದು ಗ್ರಾಹಕರ ತಪ್ಪಿಲ್ಲದೆ ಹೊರಗಿನವರು ಹಣ ತೆಗೆದಾಗ. ಇಲ್ಲಿ ಮನೆಯವಳೇ ಪಿನ್ ಒತ್ತಿದ್ದಾಳೆ, ಬ್ಯಾಂಕಿನ ಕಣ್ಣಿಗೆ ಅದು ಒಪ್ಪಿಗೆಯ ಪಾವತಿ. ಅದೇ ಚಿಕ್ಕಪ್ಪ ಟೆಲಿಗ್ರಾಂನಲ್ಲಿ ‘ಹೋದ ಖಾತೆ ವಾಪಸ್ ತರುವ ಪರಿಣತ’ನನ್ನು ಹುಡುಕಿ 3,000 ಮುಂಗಡ ಕೊಡಲು ಹೊರಟಿದ್ದರು, ಅಮ್ಮ ತಡೆದರು. ಮೋಸಹೋದವರನ್ನೇ ಹುಡುಕಿಕೊಂಡು ಬರುವ ಎರಡನೇ ಮೋಸ ಅದು.

ದೂರಿನ ಮೊದಲ ಕರಡಿನಲ್ಲಿ ‘ಆಟದ ಟೋಪಿ, ರೆಕ್ಕೆ ಕಳವಾಗಿದೆ’ ಎಂದಿತ್ತು. ಅಂಥ ವಸ್ತುಗಳನ್ನು ಬಳಸಲು ನಮಗೆ ಪರವಾನಗಿ ಇರುತ್ತದೆಯೇ ಹೊರತು ಒಡೆತನ ಇರುವುದಿಲ್ಲ, ತಾಣದ ಷರತ್ತುಗಳೇ ಹಾಗೆ ಹೇಳುತ್ತವೆ. ಎರಡನೇ ಕರಡಿನಲ್ಲಿ ವಿಷಯವನ್ನು ಕಾನೂನಿಗೆ ಅರ್ಥವಾಗುವ ಹಾಗೆ ಇಡಲಾಯಿತು: ಅಪ್ರಾಪ್ತೆಯ ಪಾಸ್‌ವರ್ಡ್ ಪಡೆದು ಗುರುತು ಕದ್ದಿದ್ದಾರೆ, ಅವಳಂತೆ ನಟಿಸಿ ವಂಚಿಸಿದ್ದಾರೆ, 18,500 ರೂಪಾಯಿ ಸುಲಿದಿದ್ದಾರೆ, ಫೋಟೊ ಕೇಳಿದ್ದಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಗುರುತಿನ ಕಳವಿಗೆ, 66ಡಿ ಸೋಗು ಹಾಕಿ ವಂಚಿಸುವುದಕ್ಕೆ. ಎರಡಕ್ಕೂ ಮೂರು ವರ್ಷದವರೆಗೆ ಸೆರೆವಾಸವಿದೆ. ಬೆಂಗಳೂರಿನಲ್ಲಿ ಇದಕ್ಕೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಿವೆ. ತಡೆಹಿಡಿದ ಹಣ ಕೈಗೆ ಬರಲು ಆಗ ಸಾಮಾನ್ಯವಾಗಿ ನ್ಯಾಯಾಲಯದ ಆದೇಶ ಬೇಕಾಗುತ್ತಿತ್ತು.

‘ಆನ್‌ಲೈನ್ ಗೇಮ್ ಸರ್ಕಾರವೇ ಬ್ಯಾನ್ ಮಾಡಿದೆಯಲ್ಲ, ದೂರು ಕೊಟ್ಟರೆ ನಮಗೇ ತೊಂದರೆ’ ಎಂಬ ಹೆದರಿಕೆಯೂ ಇತ್ತು. 2025ರ ಆಗಸ್ಟಿನ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದು ಕಾಯಿಲೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಬೇರೆಲ್ಲದಕ್ಕಿಂತ ಅದೇ ಮುಂದಾಗುವುದು, ಕೆಡುಕಾದರೂ ಬಿಡದಿರುವುದು, ಈ ಮೂರೂ ಸಾಮಾನ್ಯವಾಗಿ 12 ತಿಂಗಳು ಕಾಣಬೇಕು. ಈ ಹುಡುಗಿ ದೀಪಾವಳಿಗೆ ಊರಿಗೆ ಹೋದಾಗ ಐದು ದಿನ ಲಾಗಿನ್ ಆಗದೆ ನೆಮ್ಮದಿಯಾಗಿದ್ದಳು. ಅಕ್ಟೋಬರ್‌ವರೆಗೆ ಅಂಕವೂ ಇಳಿದಿರಲಿಲ್ಲ. ಆಪ್ತಸಮಾಲೋಚಕಿ ಚಟದ ಹಣೆಪಟ್ಟಿ ಹಚ್ಚದೆ, ತುಂಡಾದ ನಿದ್ದೆ ಮತ್ತು ಕಳೆದುಕೊಂಡ ದುಃಖ ಎಂದು ಬರೆದುಕೊಂಡರು. ನಮ್ಮ ತೀರ್ಮಾನವೂ ಅದೇ.

ಒಂದು ಸಂಗತಿ ಮನೆಯವರನ್ನು ಹೆದರಿಸಿತ್ತು. ಖಾತೆ ಹೋದ ವಾರ, ಕುಕ್ಕರ್ ಕೂಗಿದರೆ, ಸೌಂಡ್‌ಬಾಕ್ಸ್ ಟಿಣ್ ಎಂದರೆ ಅವಳಿಗೆ ಆಟದ ಸಂದೇಶ ಬಂದ ಸದ್ದೇ ಕೇಳಿ ಬೆಚ್ಚುತ್ತಿದ್ದಳು. ಅಜ್ಜಿ ದೃಷ್ಟಿ ತೆಗೆದರು. ಆಟದ ಚಿತ್ರ, ಸದ್ದುಗಳು ಆಟದ ಹೊರಗೂ ಕಂಡು ಕೇಳುವುದನ್ನು 2011ರಿಂದ ಸಂಶೋಧಕರು ಗೇಮ್ ಟ್ರಾನ್ಸ್‌ಫರ್ ಫಿನಾಮಿನಾ ಎಂಬ ಹೆಸರಿನಲ್ಲಿ ದಾಖಲಿಸುತ್ತ ಬಂದಿದ್ದಾರೆ. ದಿನವಿಡೀ ಬಸ್ಸಿನಲ್ಲಿ ನಿಂತವರಿಗೆ ರಾತ್ರಿ ಹಾಸಿಗೆಯೂ ಅಲುಗಿದಂತಾಗುತ್ತದಲ್ಲ, ಆ ಜಾತಿಯದು. ಅಪ್ಪನಿಗೆ ಈ ಹೋಲಿಕೆ ತಕ್ಷಣ ಅರ್ಥವಾಯಿತು. ನಿದ್ದೆಗೆಟ್ಟರೆ ಇದು ಜಾಸ್ತಿ. ನೋಡಬೇಕಾದ ಗೆರೆ ಒಂದೇ: ಸದ್ದು ನಿಜವಲ್ಲ ಎಂದು ಅವಳಿಗೇ ಗೊತ್ತಿದೆಯೇ? ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ, ಯಾರೋ ಆಟದಿಂದ ತನಗೆ ಆಜ್ಞೆ ಕೊಡುತ್ತಿದ್ದಾರೆ ಎಂದು ಗಟ್ಟಿಯಾಗಿ ನಂಬಿದ್ದರೆ ಆ ದಿನವೇ ಮನೋವೈದ್ಯರ ಹತ್ತಿರ ಕರೆದೊಯ್ಯಬೇಕು. ತಂತ್ರಜ್ಞಾನ ಬಳಕೆಯ ತೊಂದರೆಗಳಿಗೆಂದೇ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಎಂಬ ಕ್ಲಿನಿಕ್ ಇದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416.

ಸಮಾಲೋಚನೆ ತಿರುವು ಪಡೆದದ್ದು ಅಮ್ಮನ ಒಂದು ಮಾತಿನಿಂದ. ‘ಅವೆಲ್ಲ ಸುಳ್ಳು ಮನುಷ್ಯರು ಕಣೆ, ಅದಕ್ಕೆ ಅಳ್ತಾರಾ?’ ಎಂದು ಅವರು ಹೇಳುತ್ತಲೇ ಇದ್ದರು, ಮಗಳು ಮಾತು ಬಿಟ್ಟಿದ್ದಳು. ಸಮಾಲೋಚಕಿ ಕೇಳಿದರು: ‘ಹೋದ ದುಡ್ಡು ಸುಳ್ಳಾ? ತಗೊಂಡವನು ಸುಳ್ಳಾ? ಹದಿನಾಲ್ಕು ತಿಂಗಳು ಅವಳ ಜೊತೆ ಕೂತು ಕಟ್ಟಿದ ಹುಡುಗಿ ಸುಳ್ಳಾ?’ ಅಮ್ಮ ಸುಮ್ಮನಾದರು. ‘ಏನೇನು ಹೋಯ್ತು, ನಂಗೂ ತೋರ್ಸು’ ಎಂದು ಮಗಳ ಫೋನಿನ ಹಳೆಯ ಚಿತ್ರಗಳನ್ನು ನೋಡಲು ಕೂತರು. ಪರಿಷೆಯ ಅಂಗಡಿಯೊಂದರಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸಿನ ಬೊಂಬೆ ಇತ್ತು, ಅಮ್ಮನದೇ ನೀಲಿ ಸೀರೆ.

ಓಹಾಯೊ ಗೆಳತಿ ದ್ರೋಹ ಮಾಡಿದಳು ಎಂಬ ನೋವು ಹಣಕ್ಕಿಂತ ದೊಡ್ಡದಿತ್ತು. ಇನ್ನೊಂದು ಚಾಟ್ ತಾಣದಲ್ಲಿ ಅವಳನ್ನು ಹುಡುಕಿ, ವಿಡಿಯೊ ಕರೆಯಲ್ಲಿ ಎರಡೂ ಕಡೆಯ ಅಮ್ಮಂದಿರು ಕೂತು ಮಾತಾಡಿದಾಗ ವಿಷಯ ಬಯಲಾಯಿತು. ಅವಳ ಖಾತೆ ನಾಲ್ಕು ದಿನ ಮೊದಲೇ ಇದೇ ತಂತ್ರದಲ್ಲಿ ಕಳುವಾಗಿತ್ತು. ಕದ್ದ ಒಂದು ಮುಖದಿಂದ ಇನ್ನೊಂದು ಮುಖ, ಅಲ್ಲಿಂದ ಮತ್ತೊಂದು, ಹೀಗೆ ಇದು ಸರಪಳಿಯಾಗಿ ಹಬ್ಬುತ್ತದೆ. ಮಕ್ಕಳಿಗೆ ‘ಅಪರಿಚಿತರ ಲಿಂಕ್ ಒತ್ತಬೇಡ’ ಎಂದಷ್ಟೇ ಕಲಿಸಿದರೆ ಸಾಲದು ಎನ್ನುವುದು ಇದಕ್ಕೇ. ಲಿಂಕ್ ಬಂದದ್ದು ಅತ್ಯಂತ ಪರಿಚಿತಳಿಂದ.

ಸರಿಪಡಿಸಿದ್ದು

ಖಾತೆ ಮರಳಿ ಪಡೆಯಲು ನೆರವಾದದ್ದು ಹಳೆಯ ರಸೀದಿ. ಎರಡು ವರ್ಷದ ಹಿಂದೆ ಅಪ್ಪನ ಗೂಗಲ್ ಪ್ಲೇ ಮೂಲಕ ರೋಬಕ್ಸ್ ಕೊಂಡಿದ್ದರ ಇಮೇಲ್, ಜಿಪಿಎ ಅಕ್ಷರಗಳಿಂದ ಶುರುವಾಗುವ ಆರ್ಡರ್ ಸಂಖ್ಯೆಯೊಂದಿಗೆ, ಅವರ ಜಿಮೇಲ್‌ನಲ್ಲಿ ಉಳಿದಿತ್ತು. ಅದನ್ನು ಲಗತ್ತಿಸಿ ರೋಬ್ಲಾಕ್ಸ್ ನೆರವು ವಿಭಾಗಕ್ಕೆ ಬರೆದು ಒಂಬತ್ತನೇ ದಿನಕ್ಕೆ ಖಾತೆ ಬಂತು. ಖಾತೆ ಕಳುವಾಗಿ 30 ದಿನದೊಳಗೆ ಅವರಿಗೆ ತಿಳಿಸಬೇಕು, ಈ ಗಡುವು ಮುಖ್ಯ. ಬಂದ ಕೂಡಲೇ ಕಳ್ಳನ ಇಮೇಲ್ ತೆಗೆದು ಅಪ್ಪನದನ್ನು ಸೇರಿಸಿದರು, ಪಾಸ್‌ವರ್ಡ್ ಬದಲಿಸಿದರು, ಬೇರೆ ಸಾಧನಗಳಲ್ಲಿ ತೆರೆದಿದ್ದ ಎಲ್ಲ ಸೆಷನ್‌ಗಳನ್ನು ಲಾಗೌಟ್ ಮಾಡಿದರು. ಈ ಕೊನೆಯ ಕೆಲಸದಿಂದ ಕದ್ದ ಕುಕಿ ಸಾಯುತ್ತದೆ. ಆಮೇಲೆ, ಲಾಗಿನ್ ಆಗುವಾಗ ಹೊಸ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಂಡರು.

ಕಳ್ಳ ಪರಿಷೆಯನ್ನೂ ಅಳಿಸಿ ಖಾಲಿ ಮೈದಾನ ಮಾಡಿಟ್ಟಿದ್ದ. ಮಗಳು ಆಸೆ ಬಿಟ್ಟಿದ್ದಳು. ಆದರೆ ಪ್ರಕಟಿಸಿದ ಪ್ರತಿ ಆವೃತ್ತಿಯನ್ನೂ ತಾಣ ಉಳಿಸಿಕೊಂಡಿರುತ್ತದೆ. ಆವೃತ್ತಿ ಇತಿಹಾಸದಲ್ಲಿ ಕಳವಿನ ಹಿಂದಿನ ದಿನದ್ದನ್ನು ಆರಿಸಿ ರಿಸ್ಟೋರ್ ಒತ್ತಿದಾಗ ಬುಲ್ ಟೆಂಪಲ್ ರಸ್ತೆ ಇದ್ದ ಹಾಗೇ ಎದ್ದು ನಿಂತಿತು.

ಯುಪಿಐ ಪಿನ್ ಬದಲಾಯಿತು. ಅಂಗಡಿಯ ಹಣ ಬೇರೆ ಬ್ಯಾಂಕ್ ಖಾತೆಗೆ ಹೋಯಿತು. ಯುಪಿಐ ಲೈಟ್ ಒಂದು ಪಾವತಿಗೆ 1,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ, ಅದನ್ನು ಆಫ್ ಮಾಡಿದರು. ಚಿಕ್ಕಪೇಟೆಯ ಪಾವತಿ ಈಗಲೂ ಮಗಳೇ ಮಾಡುತ್ತಾಳೆ, ಆದರೆ ಯುಪಿಐ ಸರ್ಕಲ್ ಮೂಲಕ: ಅವಳ ಫೋನಿನಿಂದ ಕೋರಿಕೆ, ಅಮ್ಮನ ಫೋನಿನಲ್ಲಿ ಒಪ್ಪಿಗೆ. ಆ ಕೆಲಸವನ್ನು ಅವಳಿಂದ ಕಿತ್ತುಕೊಳ್ಳದೆ ಇದ್ದದ್ದು ಮುಖ್ಯ. ಕಿತ್ತುಕೊಂಡಿದ್ದರೆ ಅವಳನ್ನು ಕಳ್ಳಿ ಎಂದಂತಾಗುತ್ತಿತ್ತು.

ನಿದ್ದೆಯ ವಿಷಯದಲ್ಲಿ ಮೊದಲ ಯತ್ನ ಸೋತಿತು. ಅಪ್ಪ ರಾತ್ರಿ ಹತ್ತಕ್ಕೆ ರೂಟರ್ ಆರಿಸಿದರು, ಮಗಳು ಅಜ್ಜಿಯ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡಳು. ಎರಡನೇ ಯತ್ನದಲ್ಲಿ ಎರಡೂ ದೇಶಗಳ ಗಡಿಯಾರವನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿದರು. ನಮ್ಮ ಶನಿವಾರ ಬೆಳಗ್ಗೆ 6:30 ಎಂದರೆ ಓಹಾಯೊದಲ್ಲಿ ಶುಕ್ರವಾರ ರಾತ್ರಿ 8:00. ಮರುದಿನ ಅಲ್ಲಿ ಶಾಲೆಯಿಲ್ಲ. ಶನಿವಾರ, ಭಾನುವಾರ ಬೆಳಗ್ಗೆ 6:30ರಿಂದ 8:30ರ ತನಕ ಕಟ್ಟುವ ಹೊತ್ತು ಎಂದು ಇಬ್ಬರು ಹುಡುಗಿಯರೂ ಒಪ್ಪಿದರು. ಶನಿವಾರದ ಕ್ಲಾಸಿಗೆ ಒಂಬತ್ತಕ್ಕೆ ಹೊರಟರೆ ಸಾಕು. ವಾರದ ದಿನಗಳಲ್ಲಿ ಏಳುವ ಸಮಯವನ್ನು 6:15ಕ್ಕೆ ಗಟ್ಟಿ ಮಾಡಿ, ಮಧ್ಯಾಹ್ನದ ನಿದ್ದೆಯನ್ನು 20 ನಿಮಿಷಕ್ಕೆ ಇಳಿಸಿ, ಎಲ್ಲರ ಫೋನನ್ನೂ, ಅಪ್ಪನದೂ ಸೇರಿ, ಹಾಲಿನಲ್ಲೇ ಚಾರ್ಜಿಗೆ ಇಟ್ಟರು. ಮಧ್ಯರಾತ್ರಿ ತಾನಾಗಿ ಎಚ್ಚರವಾಗುವುದು ನಿಲ್ಲಲು ಮೂರು ವಾರ ಹಿಡಿಯಿತು.

ಸಹಪಾಠಿಗಳ ಜೊತೆಗಿನ ಗಂಟು ಮಾತ್ರ ಪೂರ್ತಿ ಬಿಚ್ಚಿಲ್ಲ. ದೂರಿನ ಪ್ರತಿ, ಲಾಗಿನ್ ಬದಲಾದ ಸಮಯ ತೋರಿಸಿದ ಮೇಲೆ ಇಬ್ಬರು ನಂಬಿದರು. ಈಗ ಅವರಲ್ಲಿ ಒಂದು ನಿಯಮವಿದೆ: ವಸ್ತು ಕೇಳಿದರೆ ಮೊದಲು ಫೋನ್ ಮಾಡಿ ದನಿ ಕೇಳಬೇಕು. ಐಟಂ ಕಳೆದುಕೊಂಡವಳಿಗೆ ಅದು ಮರಳಿ ಸಿಕ್ಕಿಲ್ಲ, ಅವಳು ಇನ್ನೂ ಬೇರೆ ಬೆಂಚಿನಲ್ಲಿ ಕೂರುತ್ತಾಳೆ. 7,000 ರೂಪಾಯಿಯ ಅರ್ಜಿ ನ್ಯಾಯಾಲಯದಲ್ಲಿದೆ.

ಅಮೆರಿಕದ ಗಡಿಯಾರ ಮಾರ್ಚ್ ಎರಡನೇ ಭಾನುವಾರ ಮತ್ತೆ ಒಂದು ಗಂಟೆ ಮುಂದೆ ಹೋಗುತ್ತದೆ. ಆಗ ನಮ್ಮ 6:30 ಅವರ ಒಂಬತ್ತಾಗುತ್ತದೆ, ಹೊತ್ತನ್ನು ಹೊಸದಾಗಿ ಮಾತಾಡಿಕೊಳ್ಳಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅಪ್ಪ ಡ್ಯೂಟಿಯ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾರೆ.